ಎಂಬತ್ತಕ್ಕೆ ಎಂಬತ್ತು

ಸೊಲ್ಲಾಪುರ. ಅಕ್ಕಲಕೋಟೆ ರಸ್ತೆಯ ಒಳಗಲ್ಲಿ.
ರಾತ್ರಿ ಹನ್ನೊಂದು ಹತ್ತು.
ಮುಕ್ಕಾಲಿಯ ಮೇಲೆ ಮೀಟರು,
ತಲೆಗೆ ಕರಿ ಸ್ಪಂಜಿನ ಟೋಪಿ.
ಗೋಡೆಯಿಂದ ಹನ್ನೆರಡಡಿ ದೂರವಿರಲಿ ಎನ್ನುತ್ತದೆ ಕೈಪಿಡಿ.
ಈ ಗಲ್ಲಿಯ ಅಗಲವೇ ಏಳಡಿ.
ಹನ್ನೆರಡು ಎಂದೇ ಬರೆದೆ. ಮೊದಲ ಸುಳ್ಳು.

ಎರಡನೆಯದು ಮೂರನೇ ಕಲಮಿನಲ್ಲಿ:
ವಸತಿಯೋ, ವಾಣಿಜ್ಯವೋ, ಕೈಗಾರಿಕೆಯೋ, ನಿಶ್ಶಬ್ದ ವಲಯವೋ,
ಒಂದಕ್ಕೆ ಮಾತ್ರ ಗುರುತು ಹಾಕಿ.
ಮುಂಗೋಣೆಯಲ್ಲಿ ಎರಡು ಮಗ್ಗ, ಟವೆಲು ನೇಯುತ್ತಿವೆ.
ನಡುವೆ ಹಳೇ ಸೀರೆಯ ಪರದೆ.
ಆಚೆಗೆ ಒಲೆ, ಜಗಲಿಯ ಮೇಲೆ ದೇವರು, ತೊಟ್ಟಿಲು.
ವಸತಿಗೆ ರಾತ್ರಿಯ ಮಿತಿ ನಲವತ್ತೈದು,
ಕೈಗಾರಿಕೆಗೆ ಎಪ್ಪತ್ತು.
ಆ ಸೀರೆಯ ದಪ್ಪ
ಇಪ್ಪತ್ತೈದು ಡೆಸಿಬೆಲ್.

ರಾಚವ್ವ ಹಟಗಾರ ಹೊರಬಂದಳು, ಹುಬ್ಬಿನ ಮೇಲೆ ಅರಳೆಯ ಧೂಳು.
ಎಷ್ಟು ಬಂತೆಂದು ಕೇಳಿದ್ದೂ ಹುಬ್ಬಿನಲ್ಲೇ.
ಮೂವತ್ತು ವರ್ಷ ಮಗ್ಗದ ಮಗ್ಗುಲಲ್ಲಿ ನಿಂತವರ ನುಡಿ ಅದು,
ಮರಾಠಿಯಲ್ಲ, ತೆಲುಗಲ್ಲ, ಕನ್ನಡವೂ ಅಲ್ಲ,
ಗಲ್ಲಿಗೆಲ್ಲ ತಿಳಿಯುತ್ತದೆ.
ಎಂಟು ಬೆರಳು, ಆಮೇಲೆ ಮೂರು, ತೋರಿಸಿದೆ.

"ಒಂದ ಮಗ್ಗಕ್ಕ?"
ಎಂಬತ್ತು.
"ಎರಡು ಸೇರಿ?"
ಎಂಬತ್ಮೂರು.
"ಹಂಗಂದ್ರ, ಒಂದು ಬಂದ್ ಮಾಡಿದ್ರ
ಅರ್ಧಾ ಕೂಲಿ ಹೋಗಿ
ಮೂರಽ ಕಮ್ಮಿ? ಇದ್ಯಾವ ಊರ ಲೆಕ್ಕರೀ?"
ಲಾಗರಿದಮ್ಮಿನದು ಅಂದೆ.
ನನ್ನ ತುಟಿ ಓದಿ, ಊರಿನ ಹೆಸರಿರಬೇಕೆಂದುಕೊಂಡಳು.

ಮೀಟರಿನೊಳಗೂ ಒಂದು ಕಿವಿಯಿದೆ.
ತಗ್ಗಿನ ಸದ್ದನ್ನು ಅದು ತುಸು ಕಡಿಮೆ ಕೇಳುತ್ತದೆ, ಮನುಷ್ಯರ ಹಾಗೆ.
ಯಾವ ಮನುಷ್ಯರ ಹಾಗೆ ಎಂದು ಕೈಪಿಡಿ ಹೇಳಿಲ್ಲ.
ರಾಚವ್ವನಿಗೆ ಎಳೆ ಕಡಿದದ್ದು ತಿಳಿಯುವುದು ಅಂಗಾಲಿಗೆ.

ಹನ್ನೊಂದು ಐವತ್ತೆರಡಕ್ಕೆ ಕರೆಂಟು ಹೋಯಿತು.
ಮೀಟರು ಬ್ಯಾಟರಿಯದು, ಎಣಿಸುತ್ತಲೇ ಇತ್ತು:
ಎಪ್ಪತ್ತೊಂದು
ಐವತ್ತೆಂಟು
ನಲವತ್ತಾರು
ನಲವತ್ತೊಂದು.
ಗಟಾರದಲ್ಲಿ ನೀರಿದೆಯೆಂದು ಆಗ ಗೊತ್ತಾಯಿತು.
ಹೋಟಗಿಯ ಕಡೆ ಗೂಡ್ಸು ಗಾಡಿಯೊಂದು ಯೋಚಿಸುತ್ತ ಹೊರಟಿತ್ತು.
ಗಲ್ಲಿ ಮೊದಲ ಸಲ ಕಾನೂನಿನೊಳಗೆ ಬಂತು,

ತೊಟ್ಟಿಲಲ್ಲಿ ಮಗು ಬೆಚ್ಚಿಬಿದ್ದು ಕಿರುಚಿತು.
ಹುಟ್ಟಿದಂದಿನಿಂದ ಅದು ಮಗ್ಗದ ಸದ್ದನ್ನೇ ಹೊದ್ದು ಮಲಗಿದ್ದು;
ಯಾರೋ ಹೊದಿಕೆ ಸೆಳೆದಿದ್ದರು.

ರಾಚವ್ವನಿಗೆ ಕೇಳಿಸಲಿಲ್ಲ.
ಕತ್ತಲಲ್ಲಿ ಹೊಳೆಯುವ ಅಂಕಿ ಮಾತ್ರ ಕಂಡಳು,
ನಲವತ್ತೊಂದರಿಂದ ಎಪ್ಪತ್ತಾರಕ್ಕೆ ಜಿಗಿದದ್ದು.
ನನ್ನ ಮುಖ ನೋಡಿದಳು.
ಒಳಗೆ ಓಡಿದಳು.

ಅಸಹಜ ಘಟನೆಗಳನ್ನು ಸರಾಸರಿಯಿಂದ ಕೈಬಿಡಬೇಕು.
ಸದ್ದು ನಿಂತದ್ದನ್ನೋ, ಮಗು ಅತ್ತದ್ದನ್ನೋ?
ಕೇಳೋಣವೆಂದರೆ ಸಾಹೇಬರ ಫೋನು ಸ್ವಿಚ್ಚಾಫು.

ಮೊಮ್ಮಗಳನ್ನು ಹೆಗಲಿಗೆ ಹಾಕಿಕೊಂಡು ಮತ್ತೆ ಬಂದಳು.
ಅವರವ್ವ ರಾತ್ರಿ ಪಾಳಿಗೆ ಹೋಗಿದ್ದಾಳೆ, ಬೆಳಗಾಗಬೇಕು.
ಸ್ಪಂಜಿನ ಟೋಪಿಯನ್ನು ಒಂದು ಬೆರಳಿನಿಂದ ಮುಟ್ಟಿದಳು.
"ಇದು ಎಷ್ಟಕ್ಕ ಸಿಗತೈತ್ರಿ?
ತೊಟ್ಟಿಲಿಗೆ ಕಟ್ಟತೀನಿ."

ಅವಳ ಎರಡು ಮಗ್ಗ ಮಾರಿದರೂ ಸಾಲದು ಎಂದು ಹೇಳಲಾಗಲಿಲ್ಲ.
ಸರ್ಕಾರದ್ದು ಕಣವ್ವ, ಅಂಗಡಿಯಲ್ಲಿ ಸಿಗುವುದಿಲ್ಲ ಅಂದೆ.

ಅದು ಮೂರನೆಯದು.
ಅದಕ್ಕೆ ನಮೂನೆಯಲ್ಲಿ ಕಲಮಿರಲಿಲ್ಲ.