ಷರಾ

ಸೋಮವಾರ ಬಂದ ಬಾಟ್ಲಿ ಇಪ್ಪತ್ತಾರು.
ಇಪ್ಪತ್ನಾಕು ಬೋರಿನವು, ಒಂದು ಸಾಲಿ ಟಾಕೀದು,
ಕಡೀದು ಬೆಟಗೇರಿ ಗಟಾರದ್ದು.
ಅದರ ಕೊರಳಿನ ಚೀಟಿ ಮ್ಯಾಲ
ಗೂಳಪ್ಪ ಕಾಕಾನ ಬಣ್ಣದ ಭಟ್ಟಿ ಹೆಸರು.

ನಾ ಆ ಭಟ್ಟಿ ಮುಂದ ಆಡಿ ಬೆಳದಾಕಿ.
ಅಪ್ಪ ಮೀಟರ್ ಕಂಡಾಂವಲ್ಲ.
ಹಂಡೇದಾಗ ಎರಡು ಬಟ್ಟು ಅದ್ದಿ ಹೆಬ್ಬಟ್ಟಿಗೆ ತಿಕ್ಕತಿದ್ದ,
ಜಾರಿದರ, "ಇನ್ನಾ ಖಾರ ಐತಿ" ಅಂತಿದ್ದ.
ಕ್ಷಾರಕ್ಕ ಅವನ ಬಾಯಾಗ ಖಾರ ಅಂತನ ಹೆಸರು.
ನೂಲಿಗೆ ಮೆಣಸಿನಕಾಯಿ ಹಾಕತಾರ
ಅಂತ ಭಾಳ ದಿನ ನಂಬಿದ್ದೆ.
ತಿಕ್ಕಿ ತಿಕ್ಕಿ ಬಟ್ಟಿನ ಗೆರಿ ಅಳಿಸಿಹೋಗಿದ್ದವು.
ರೇಶನ್ ಅಂಗಡಿ ಮಿಶನ್
ಕಡೀತನಕ ಅವನ ಗುರುತು ಹಿಡೀಲಿಲ್ಲ.

ನೀರು ಸುಮ್ಮನ ಕುಂತಿರತೈತಿ ಅಂತ ತಿಳಿಬ್ಯಾಡ್ರಿ.
ಐವತ್ತೈದು ಕೋಟಿ ಕಣದಾಗ ಒಂದು
ಯಾವ ಹೊತ್ತಿನಾಗೂ ಒಡದಿರತೈತಿ,
ಒಂದು ಚೂರು ಹುಳಿ, ಒಂದು ಚೂರು ಖಾರ.
ಅವು ಕೂಡೂದರಾಗ ಮತ್ತೆಲ್ಲೋ ಇನ್ನೊಂದು ಒಡೀತೈತಿ.
ಆಸಿಡ್ ಹನಿಸು, ಹುಳಿ ಹತ್ತು ಪಟ್ಟು ಏರಿದರ
ಖಾರ ಹತ್ತರಾಗ ಒಂದು ಪಾಲಿಗೆ ಇಳೀತೈತಿ.
ಕಾಸ್ಟಿಕ್ ಸುರುವು, ಅದರ ಉಲ್ಟಾ.
ಮಗ್ಗದ ತುಳಿಹಲಗಿ ಇದ್ದಂಗ,
ಒಂದು ಮೆಟ್ಟಿದರ ಇನ್ನೊಂದು ಮ್ಯಾಲ.
ಆದರ ಎರಡೂ ಗುಣಿಸಿ ನೋಡು, ಬರೂದು ಅದ ಸಂಖ್ಯಾ.
ಎಷ್ಟ ಹುಳಿ ಮಾಡು, ಖಾರ ಪೂರಾ ಸಾಯಂಗಿಲ್ಲ.

ಹೋದ ವರ್ಷ ಈ ಗಟಾರ ಹನ್ನೊಂದಕ್ಕ ನಿಂತಿತ್ತು.
ಏಳರಿಂದ ನಾಕ ಮೆಟ್ಟಲ,
ಒಂದೊಂದಕ್ಕೂ ಹತ್ತು ಪಟ್ಟು,
ಅಂದರ ಖಾರ ಹತ್ತು ಸಾವಿರ ಪಟ್ಟು.
ನಾನ ಬರದೆ. ನೋಟೀಸು ಹೋತು.
ಚಿಗವ್ವ ಮಾತು ಬಿಟ್ಟಳು.
ಆದರೂ ನಾ ಹೊಸ್ತಿಲ ದಾಟೂ ಮುಂದ
"ಚಾ ಕುಡದು ಹೋಗು" ಅಂದಳು,
ಗ್ವಾಡಿಗೆ ಹೇಳಿದಂಗ.

ಈ ಸಲ ಕಾಕಾ ತಾನ ಬಂದಾನ,
ಲ್ಯಾಬಿನ ಬಾಗಲಾಗ ಲೂನಾ ಒರಗಿಸಿ.
"ನೋಡವಾ ಈಗ. ಎರಡು ಕ್ಯಾನ್ ಆಸಿಡ್ ಸುರುವೇನಿ."
ನೋಡಿದೆ. ಏಳು ಪಾಯಿಂಟ್ ಸೊನ್ನಿ ಎರಡು.
"ಬರೋಬ್ಬರಿ ಏಳು! ಗಂಗವ್ವ ಆತಲ್ಲ!"

ಹುಳಿ ಖಾರ ಕೂಡಿದ್ದು ಖರೇ.
ಮದಿಮಗ ಮದಿಮಗಳು ಕೈಹಿಡದು
ನೀರಿನಾಗ ನೀರಾಗಿ ಹೋದರು.
ಬೀಗರು ಮಾತ್ರ ಹೋಗಲಿಲ್ಲ.
ಕಾಸ್ಟಿಕ್‌ನ ಬೆನ್ನಿಗೆ ಬಂದ ಸೋಡಿಯಂ,
ಆಸಿಡ್‌ನ ಸಂಗಾಟ ಬಂದ ಕ್ಲೋರೈಡು
ಚಪ್ಪರ ಬಿಚ್ಚಿದರೂ ಪಡಸಾಲ್ಯಾಗ ಕುಂತಾವು.
ಬಣ್ಣ ಹಿಡೀಲಂತ ಹಾಕಿದ ಉಪ್ಪೂ ಅವರ ಗುಂಪಿನಾಗ.

ಇನ್ನೊಂದು ಸಳಿ ಇಳಿಬಿಟ್ಟೆ,
ನೀರಿನಾಗ ಕರೆಂಟು ಎಷ್ಟು ಹರೀತೈತಿ ನೋಡೂದು.
ಬೋರಿನ ನೀರಿಗೆ ಸಾವಿರದ ಚಿಲ್ಲರ ತೋರಿಸಿದ ಅಂಕಿ
ಒಂಬತ್ತು ಸಾವಿರಕ್ಕ ಹೋಗಿ ಏದುಸಿರು ಬಿಟ್ಟಿತು.
ಗಟಾರದ ತುದಿಗೆ ದಾದಾಪೀರನ ಕೊತ್ತಂಬರಿ ಮಡಿ.
ಎಲಿ ಅಂಚು ಸುಟ್ಟಂಗ ಆಗಾವು,
"ರೋಗ ಬಿದ್ದೈತಿ" ಅಂತ ಔಷಧ ಹೊಡ್ಯಾಕತ್ತಾನ.

ಫಾರ್ಮಿನಾಗ ಕೇಳಿದ್ದು ಹುಳಿ-ಖಾರದ ಅಂಕಿ ಒಂದ.
ಏಳು ಅಂತ ಬರದು ಸಹಿ ಹಾಕಿದರ ಸುಳ್ಳೇನೂ ಅಲ್ಲ.
ಕಡೀ ಕಾಲಂ ಷರಾ. ಬೆರಳಗಲ.
ಯಾರೂ ತುಂಬಂಗಿಲ್ಲ, ಗೀಟು ಎಳದು ಬಿಡತಾರ.

ಅದರಾಗ ಹಿಡಿಸುವಷ್ಟು ಬರದೆ,
ಅಕ್ಷರ ಸಣ್ಣ ಮಾಡಿ.

ಕಾಕಾ ಓದಲಿಲ್ಲ.
ಬಾಟ್ಲಿ ಬಿರಡಿ ತಗದ,
ಎರಡು ಬಟ್ಟು ಅದ್ದಿದ, ಹೆಬ್ಬಟ್ಟಿಗೆ ತಿಕ್ಕಿದ,
ಥೇಟ ಅಪ್ಪನಂಗ.
"ಜಾರವಲ್ದಲ್ಲ" ಅಂದ.

"ಜಾರವಲ್ದು" ಅಂದೆ ನಾನೂ,
ಬಾಟ್ಲಿ ಕಡೆ ನೋಡಿ.
"ಚಾ ಕುಡದು ಹೋಗು."