ರ-ಒತ್ತಿನ ಬರ

ಅರಸೀಕೆರೆ ಜಂಕ್ಷನ್ನಿನ ಒಂದನೇ ಪ್ಲಾಟ್‌ಫಾರಂ,
ಬೆಳಗಿನ ಐದೂಕಾಲು. ಮಸ್ಕತ್ತಿನ ಪೆಟ್ಟಿಗೆಯ ಮೇಲೆ ಕೂತು
ಆಗಷ್ಟೇ ಕಟ್ಟು ಬಿಚ್ಚಿದ ಪೇಪರನ್ನು
ಹಳೇ ಚಾಳಿಯಂತೆ ತಲೆಕೆಳಗು ಹಿಡಿದು ಓದುತ್ತೇನೆ.
ಮೊಳೆ ಜೋಡಿಸಿದ ಕಣ್ಣು; ನೆಟ್ಟಗೆ ಹಿಡಿದರೆ
ತಪ್ಪು ಕಾಣುವುದಿಲ್ಲ.

‘ಜಂಕ್ಷನ್ ವಾರ್ತೆ’ಗೆ ನಾಲ್ಕು ಪುಟ, ಒಬ್ಬ ಸಂಪಾದಕರು, ಒಬ್ಬ ನಾನು.
ಚುನಾವಣೆ ಬಂತೆಂದರೆ ರ-ಒತ್ತಿಗೆ ಬರ.
ಪ್ರಚಾರ, ಪ್ರಣಾಳಿಕೆ, ಪ್ರತಿಪಕ್ಷ, ಭ್ರಷ್ಟ;
ಪ್ರಜಾಪ್ರಭುತ್ವವಂತೂ ಒಂದೇ ಏಟಿಗೆ ಎರಡು ನುಂಗುತ್ತಿತ್ತು.
ನಂಜುಂಡಾರಾಧ್ಯರು ಕನ್ನಡಕ ಹಣೆಗೇರಿಸಿ,
“ಹೋಗೋ, ಲಗ್ನಪತ್ರಿಕೆ ಗುರುಸಿದ್ದನ್ನ ಕೇಳಿ ಇಸ್ಕೊಂಡು ಬಾ.”
ಯಾರದೋ ಮದುವೆಯ ಪುತ್ರ, ಪುತ್ರಿ, ಮಿತ್ರರ
ಕಾಲಡಿಯಿಂದ ಕಿತ್ತು ತಂದು
ಪ್ರಜಾಪ್ರಭುತ್ವ ನಿಲ್ಲಿಸುತ್ತಿದ್ದೆ.
ಗುರುವಾರದೊಳಗೆ ವಾಪಸು ಕೊಡಬೇಕು. ಲಗ್ನ ಕಾಯುವುದಿಲ್ಲ.

ಕೆಲವು ಸಾಲು ಬಿಚ್ಚುತ್ತಲೇ ಇರಲಿಲ್ಲ. ಹುರಿ ಸುತ್ತಿ
ಕಿಟಕಿಯಲ್ಲಿಡುತ್ತಿದ್ದೆ. ‘ಸೂಕ್ತ ಕ್ರಮ ಕೈಗೊಳ್ಳಲಾಗುವುದು’:
ಸವೆದೂ ಸವೆದೂ ಅದರ ಕ್ರಮವೇ ಮುರಿದಿತ್ತು.
ಇನ್ನೊಂದು, ‘ಎರಡು ಗುಂಪುಗಳ ನಡುವೆ’.
ಯಾವ ಗುಂಪು ಸ್ವಾಮಿ ಎಂದ ಏಜೆಂಟನಿಗೆ ಆರಾಧ್ಯರು,
“ಹೊಡೆದವರಿಗೆ ಗೊತ್ತು, ಹೊಡೆಸಿಕೊಂಡವರಿಗೆ ಗೊತ್ತು.
ಮಿಕ್ಕವರು ಊಟ ಮಾಡಲಿ ಬಿಡು.”
ಹೇಡಿತನ ಅನ್ನಿಸಿತ್ತು ನನಗೆ, ಇಪ್ಪತ್ತನಾಲ್ಕರ ಬಿಸಿಗೆ.
ಜಗಳವೂ ಆಡಿದ್ದೆ.
ಈ ಬೆಳಗಿನ ಪೇಪರಿನಲ್ಲಿ ಗುಂಪಿಗೆ ಹೆಸರಿದೆ, ಬೀದಿಯಿದೆ,
ಗಡ್ಡದ ಅಳತೆಯಿದೆ. ಕಾಗುಣಿತ ಎಲ್ಲೂ ತಪ್ಪಿಲ್ಲ.

ಮಸ್ಕತ್ತಿನಲ್ಲಿ ನನ್ನ ಕೆಲಸ ಬಲದಿಂದ ಎಡಕ್ಕೆ:
ಹೋಟೆಲಿನ ಮೆನು, ಟೈಲ್ಸಿನ ಕ್ಯಾಟಲಾಗು.
ಇಪ್ಪತ್ತೇಳು ವರ್ಷ ರಾಜಕೀಯದ ಒಂದಕ್ಷರ ಕೈಗೆ ಬಂದಿಲ್ಲ,
ಬಾಯಿಗೂ. ಒಂದನೇ ತಾರೀಖು ಸಂಬಳ,
ಸುಮ್ಮನಿದ್ದದ್ದಕ್ಕೂ ಸೇರಿಸಿ.
ಅದಕ್ಕೇ ಇರಬೇಕು, ಊರಿಗೆ ಬಂದವನು
ವರ್ಷದ ಮಾತನ್ನೆಲ್ಲ ಒಂದೇ ಚಾ ಲೋಟಕ್ಕೆ ಸುರಿಯುವುದು.
ಅಲ್ಲಿ ನಲ್ಲಿ, ಅಲ್ಲಿ ಆಸ್ಪತ್ರೆ, ಅಲ್ಲಿ ಸಾಲು.
ಕೇಳುವವರು ಆಕಳಿಸುತ್ತಾರೆ. ಆಕಳಿಸಲಿ;
ಅಲ್ಲಿ ನಾನು ಇದರ ಅರ್ಧ ಮಾತಾಡಿದ್ದರೆ
ಇಲ್ಲಿ ಕೂತಿರುತ್ತಿರಲಿಲ್ಲ.
ಮೊಬೈಲು ಹಿಡಿದ ವರದಿಗಾರ ಹುಡುಗನಿಗೆ
ಏಳು ನಿಮಿಷ ಹೇಳಿದೆ. ಸಂಜೆ ಬಂದದ್ದು ಒಂಬತ್ತು ಸೆಕೆಂಡು:
“ಅಲ್ಲಿ ರಸ್ತೆ ಚೆನ್ನಾಗಿದೆ.”
ಕೆಳಗೆ ಕೊಬ್ಬರಿ ಮಂಡಿಯೊಂದರ ಜಾಹೀರಾತು ಓಡುತ್ತಿತ್ತು.

ಬನ್ನು ಮುರಿಯುತ್ತ ತಿಪ್ಪಣ್ಣ ಕೇಳಿದ,
“ಈ ಸಲ ನಿಮ್ಮ ಕಡೆ ಹೆಂಗೆ?”
ಮಸ್ಕತ್ತು ಅಂದುಕೊಂಡು, “ಸೆಕೆ ಜಾಸ್ತಿ” ಎಂದೆ.
ಯಾರೂ ನಗಲಿಲ್ಲ. ಬನ್ನು ಮುರಿಯುವ ಕೈ ನಿಂತಿತು.
ಅವನು ಕೇಳಿದ್ದು ಬಸ್‌ಸ್ಟ್ಯಾಂಡಿನ ಹಿಂದೆ
ನಾನು ಹುಟ್ಟಿದ, ಅವನೂ ಗೋಲಿಯಾಡಿದ
ಗಲ್ಲಿಯನ್ನು.
ಎಷ್ಟು ದೂರ ಅದು, ಅವನ ಬಾಯಲ್ಲಿ. ವೀಸಾ ಬೇಕೇನೋ.

ಆರಾಧ್ಯರಿಲ್ಲ. ಮೊಳೆಗಳನ್ನು ತೂಕಕ್ಕೆ ಹಾಕಿದರಂತೆ.
ಪ್ರೆಸ್ಸಿದ್ದಲ್ಲಿ ಫ್ಲೆಕ್ಸ್ ಅಂಗಡಿ; ಹುಟ್ಟುಹಬ್ಬದ ನಾಯಕರು
ಕೈಮುಗಿದುಕೊಂಡೇ ಗೋಡೆಗೆ ಒಣಗುತ್ತಿದ್ದಾರೆ.
ಒತ್ತಿಗೆ ಬರವಿಲ್ಲ. ಎಷ್ಟು ಪ್ರ ಬೇಕೋ ಅಷ್ಟು.

ಅವರದೊಂದು ತಮಾಷೆಯಿತ್ತು:
“ದಸ್ತಗೀರ್, ನಿನ್ನ ದೀರ್ಘ ಜೋಪಾನ ಕಣೋ.
ಅದು ಬಿದ್ದು, ಬಾಲಕ್ಕೊಂದು ಗುಡಿಸು ಹತ್ತಿತೋ
ನೀನು ಮೂರನೇ ಪುಟದ ಸುದ್ದಿ.”
‘ಸರಗಳ್ಳರ ದಸ್ತಗಿರಿ’ ಎಂದು ವಾರಕ್ಕೆರಡು ಸಲ
ಜೋಡಿಸುತ್ತಿದ್ದವನು ನಾನೇ. ನಗುತ್ತಿದ್ದೆ.

ಐದನೇ ದಿನ, ಶಾಲೆಯ ಗೋಡೆಗೆ ಮತದಾರರ ಪಟ್ಟಿ.
ಬೆರಳಿಟ್ಟು ಇಳಿಯುತ್ತೇನೆ. ನಾನೂರ ಹನ್ನೆರಡು.
ಮನೆ ನಂಬರು ನಮ್ಮದೇ, ಅಪ್ಪನ ಹೆಸರು ಸರಿ.
ದೀರ್ಘ ಬಿದ್ದಿದೆ. ಗುಡಿಸು ಹತ್ತಿದೆ.

ಜೇಬಿನಲ್ಲಿ ಪೆನ್ನಿದೆ. ಸರ್ಕಾರದ ಕಾಗದ,
ತಿದ್ದಿದರೆ ಅದೂ ಒಂದು ಅಪರಾಧ.
ಮುಚ್ಚಳ ತೆಗೆದು, ಹಾಕಿ, ತೆಗೆದು ನಿಂತಿದ್ದೇನೆ.
ಬೆನ್ನ ಹಿಂದೆ ಯಾರೋ,
“ಸ್ವಲ್ಪ ಜರುಗಿ ಸಾಬರೇ, ನಮ್ಮದೂ ನೋಡಬೇಕು.”