ಹೂಳು

ಬೋಹಾಯ್ ಕೊಲ್ಲಿಯ ಈ ಮೂಲೆಯಲ್ಲಿ ನೀರಿಗೆ
ಬೆಲ್ಲ ಕರಗಿಸಿದ ಚಹಾದ ಬಣ್ಣ.
ಕಣ್ಣು ಇಲ್ಲಿ ಕೆಲಸಕ್ಕೆ ಬಾರದು,
ಅದಕ್ಕೇ ನಾನು ಕಿವಿಯಿಂದ ನೋಡುತ್ತೇನೆ.
ದೋಣಿಯ ಹೊಟ್ಟೆಯಡಿ ಸೋನಾರ್ ಸದ್ದು ಬಿಡುತ್ತದೆ,
ತಳ ಮುಟ್ಟಿ ಮರಳಿದ್ದನ್ನು ಪರದೆ
ಕಂದು ಗೆರೆಯಾಗಿ ಎಳೆಯುತ್ತದೆ.
ಆ ಗೆರೆಯ ಮೇಲೆ ಎಣ್ಣೆಯ ಕೊಳವೆ ಮಲಗಿರಬೇಕು,
ಅರ್ಧ ಮಣ್ಣೊಳಗೆ, ಅರ್ಧ ಹೊರಗೆ,
ನಿದ್ದೆಯಲ್ಲಿ ಹೊದಿಕೆ ಒದ್ದ ಮಗುವಿನ ಹಾಗೆ.

ಇವತ್ತು, ಹದಿನೇಳನೇ ಗುರುತಿನ ಹತ್ತಿರ,
ಕೊಳವೆಯ ಕೆಳಗೊಂದು ನೆರಳು.

"ಎಷ್ಟುದ್ದ?" ಅಂದ ಮಿಯಾವ್ ದೆಚಿಂಗ್,
ರಬ್ಬರ್ ಅಂಗಿಯ ಕುತ್ತಿಗೆಗೆ ಪೌಡರ್ ಸವರಿಕೊಳ್ಳುತ್ತ.
"ಹದಿನೆಂಟು ಮೀಟರ್ ಇರಬಹುದು."
"ಪುಸ್ತಕದಲ್ಲಿ?"
"ಹನ್ನೆರಡು."
ಸೂರ್ಯಕಾಂತಿ ಬೀಜದ ಸಿಪ್ಪೆ ಉಗುಳಿ
ನೀರಿಗಿಳಿದ.

ಶುರುವಾಗುವುದು ಬೆರಳು ತೂರುವಷ್ಟು ಸಂದಿನಿಂದ.
ಅಡ್ಡ ಬಿದ್ದ ಕಬ್ಬಿಣವನ್ನು ದಾಟಲು
ಉಬ್ಬರದ ನೀರು ಮೇಲೆ ಹತ್ತುತ್ತದೆ;
ಹತ್ತಲಾರದ್ದು ಅಡಿಯಲ್ಲಿ ನುಸುಳುತ್ತದೆ.
ನುಸುಳುವುದಕ್ಕೆ ಯಾವಾಗಲೂ ಅವಸರ.
ಹೋಗುವಾಗ ಒಂದು ಹಿಡಿ ಕೆಸರು,
ಇಳಿತದಲ್ಲಿ ವಾಪಸಾಗುವಾಗ ಇನ್ನೊಂದು ಹಿಡಿ.
ಸಂದು ಸುರಂಗವಾಗಿ, ಸುರಂಗ ಎರಡೂ ಪಕ್ಕಕ್ಕೆ ತೆವಳಿ
ಕೊನೆಗೊಂದು ಬೆಳಿಗ್ಗೆ ಕೊಳವೆ
ಅಡಿಯಲ್ಲಿ ಏನೂ ಇಲ್ಲದೆ ಇರುತ್ತದೆ,
ಮಲಗಿದ್ದೇನೆ ಎಂದೇ ತಿಳಿದುಕೊಂಡು.

ಫೋನಿನಲ್ಲಿ ಮೊದಲು ಉಸಿರು. ಆಮೇಲೆ ಮಾತು.
"ಕೈ ಹೋಯಿತು."
"ಹೆಗಲು ಹೋಯಿತು."
ಸ್ವಲ್ಪ ಹೊತ್ತು ಬರೀ ಗುಳ್ಳೆ.
"ಈಗ ನಾನೇ ಅಡಿಯಿಂದ ತೂರಿ ಈ ಕಡೆ ಬಂದೆ.
ಯೂಲಾನ್, ಇದು ನಡುಗುತ್ತಿದೆ.
ಚಳಿಗಲ್ಲ. ಈಯುವ ಮುಂಚೆ ಕತ್ತೆ ನಡುಗುತ್ತದಲ್ಲ,
ಹಾಗೆ."

ಸುಳಿಯೊಂದು ಮೇಲಿನಿಂದ ಕಳಚಿಕೊಂಡರೆ
ಮರುಗಳಿಗೆ ಕೆಳಗಿನಿಂದ ಇನ್ನೊಂದು.
ಮೇಲೆ, ಕೆಳಗೆ, ಮೇಲೆ, ಕೆಳಗೆ,
ಹಗಲಿರುಳೂ ಯಾರೋ ಮೀಟುವ ತಂತಿ.
ಕಬ್ಬಿಣಕ್ಕೂ ದಣಿವು ಬರುತ್ತದೆಂದು ನಮಗೆ ಕಲಿಸಿದ್ದಾರೆ.
ನಾನು ಬರೆದುಕೊಂಡೆ: ಕಂಪನ, ಇದೆ.

ಆತ ಬೆಳೆದ ಓಣಿ ಇದೇ ದಂಡೆಯಲ್ಲಿತ್ತು.
ಅವನ ಅವ್ವ ಬಂದವರಿಗೆಲ್ಲ ಹೇಳುತ್ತಿದ್ದಳಂತೆ,
ಈ ನೆಲ ನನ್ನ ಮಗನಿಗಿಂತ ಎರಡು ವರ್ಷ ಚಿಕ್ಕದು ಎಂದು.
ಎಲ್ಲೋ ಮೇಲೆ, ರೈಲಿನಲ್ಲೂ ಎರಡು ದಿನದ ದೂರದಲ್ಲಿ,
ಯಾರದೋ ನವಣೆ ಹೊಲ ಕರಗಿ
ಹಳದಿ ನದಿಯ ಬೆನ್ನೇರಿ ಬಂದು
ಇವರ ಅಂಗಳವಾಗುತ್ತಿತ್ತು.
ಕಡಲು ವರ್ಷಕ್ಕೊಂದಿಷ್ಟು ಹಿಂದೆ ಹೋಗುತ್ತಿತ್ತು.
ಆಮೇಲೆ ನದಿಯ ಬಾಯನ್ನು ಬೇರೆ ಕಡೆ ತಿರುಗಿಸಿದರು.
ಅಲ್ಲಿ ಹೊಸ ನೆಲ ಹುಟ್ಟಿತು. ಇಲ್ಲಿ
ಓಣಿ ಹೋಯಿತು, ಇಟ್ಟಿಗೆ ಗೂಡು ಹೋಯಿತು,
ಉಪ್ಪು ಪೊದೆಗಳ ಸಾಲು ಹೋಯಿತು.
ಅಲೆ ಹಿಂದೆಯೂ ಕೊರೆಯುತ್ತಲೇ ಇತ್ತು;
ತುಂಬುವವರಿದ್ದರು, ಅಷ್ಟೆ.

ಹೂಳು:
ಒಂದೇ ಪದದಲ್ಲಿ ಮಣ್ಣೂ ಇದೆ
ಮುಚ್ಚುವ ಕೈಯೂ ಇದೆ.

ದಂಡೆಯಿಂದ ಎಂಜಿನಿಯರ್ ಚೂ ಹೇಳಿದರು,
ಕೆಲವು ಸಲ ಕೊಳವೆ ತನ್ನ ಗುಂಡಿಗೆ ತಾನೇ ಬಾಗಿ ಇಳಿದು
ತಳವೂರಿ, ನೀರೇ ಮಣ್ಣೆಳೆದು ಮುಚ್ಚಿ
ನೆಮ್ಮದಿಯಾಗಿಬಿಡುವುದುಂಟು, ನೋಡೋಣ, ಕಾಯೋಣ.
"ತುಂಬಿದ ಹೊಟ್ಟೆಯವಳಿಗೆ ಬಗ್ಗು ಅನ್ನಬಾರದು,"
ಅಂದ ದೆಚಿಂಗ್, ಬಿಸಿನೀರಿನ ಲೋಟ ಎರಡೂ ಕೈಯಲ್ಲಿ ಹಿಡಿದು.

ನನ್ನ ಭುಜದ ಮೇಲಿಂದ ವರದಿ ಓದಿದ.
ಕಾರಣ ಎಂಬ ಖಾನೆಯಲ್ಲಿ ಬರೆದಿದ್ದೆ: ಪ್ರವಾಹ.
"ಬಂದದ್ದನ್ನು ಬರೆದಿದ್ದೀಯ.
ಬಾರದೇ ಹೋದದ್ದಕ್ಕೆ ಖಾನೆ ಇಲ್ಲವೇ?"
ಇರಲಿಲ್ಲ.

ಮೂರನೇ ದಿನ ಬಾರ್ಜ್ ಬಂತು,
ನಾಲ್ಕು ಸಾವಿರ ಮರಳು ಚೀಲ,
ಮೇಲೆ ನದಿಯ ಮೇಲ್ದಂಡೆಯ ಯಾವುದೋ ಊರಿನ ಮುದ್ರೆ.
ಲಾರಿಯಲ್ಲಿ ಬಂದದ್ದು; ಬಾಡಿಗೆಯ ರಸೀದಿಯೂ ಇತ್ತು.
ದೆಚಿಂಗ್ ಒಂದರ ಬಾಯಿ ಬಿಚ್ಚಿ
ಚಿಟಿಕೆ ತೆಗೆದು ನಾಲಿಗೆಗಿಟ್ಟ.
"ಉಪ್ಪಿಲ್ಲ," ಅಂದ.
ಮತ್ತೆ ಎರಡು ಗಂಟು ಹಾಕಿ ಬಿಗಿದು
ಅದನ್ನೇ ಮೊದಲು ಇಳಿಸಿದ.